ಹನ್ನೊಂದು ವರ್ಷ ಫೋಕಸ್ ಹಿಡಿದೆ, ಈಗ ಕಾಲೇಜಿನಲ್ಲಿ ಸಂಬಳದ ಕೆಲಸ ಸಿಕ್ಕಿದೆ. ಹೋಗಲಾ, ಬೇಡವಾ?

ಟೇಪ್_ಹಿಡಿದವನು · ಗುರುವಾರ ರಾತ್ರಿ 11:20

ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಸೋಮವಾರದೊಳಗೆ ಒಬ್ಬರಿಗೆ ಉತ್ತರ ಹೇಳಬೇಕು. ಮನೆಯಲ್ಲಿ ಮಾತಾಡಿ ಮಾತಾಡಿ ಸಾಕಾಗಿದೆ. ನೀವೇ ಏನಾದರೂ ಹೇಳಿ.

ನಾನು ಫೋಕಸ್ ಪುಲ್ಲರ್. ಇಂಡಸ್ಟ್ರಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ನಟ ಕ್ಯಾಮೆರಾದಿಂದ ಎಷ್ಟು ಅಡಿ ದೂರ ಇದ್ದಾನೆ ಅಂತ ಟೇಪ್ ಹಿಡಿದು ಅಳೆದು, ಅವನು ನಡೆದ ಹಾಗೆ ಲೆನ್ಸ್ ರಿಂಗ್ ತಿರುಗಿಸುವವನು. 85 ಲೆನ್ಸ್ ಹಾಕಿ ಪೂರ್ತಿ ತೆರೆದಿಟ್ಟರೆ, ಕಣ್ಣು ಶಾರ್ಪ್ ಇದ್ದಾಗ ಕಿವಿ ಮಸುಕು. ಅಳುವ ಸೀನಿನಲ್ಲಿ ನಟಿ ನಾಲ್ಕು ಇಂಚು ಮುಂದೆ ಬಾಗಿದರೆ ನನ್ನ ಕೈಯೂ ಅಷ್ಟೇ ತಿರುಗಿರಬೇಕು. ಸರಿ ಬಂದರೆ ನಾನು ಅಲ್ಲಿ ಇದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಮಾನಿಟರ್ ಮುಂದೆ ಕೂತವರೆಲ್ಲ ಒಟ್ಟಿಗೆ ತಿರುಗಿ ನೋಡುತ್ತಾರೆ.

ನಮ್ಮ ಅಡುಗೆಮನೆ ಬಾಗಿಲ ಪಕ್ಕ ಒಂದು ಗೋಡೆ ಕ್ಯಾಲೆಂಡರ್ ಇದೆ. ಕೆಲಸಕ್ಕೆ ಹೋದ ದಿನಕ್ಕೆ ನೀಲಿ ಸುತ್ತು. ದುಡ್ಡು ಕೈಗೆ ಬಂದ ದಿನಕ್ಕೆ ಕೆಂಪು ಸುತ್ತು. ಹೋದ ವರ್ಷದ್ದನ್ನು ಮೊನ್ನೆ ಕೂತು ಎಣಿಸಿದೆ. ನೀಲಿ 131. ಕೆಂಪು 9. ಮೂರನೆಯದು ಒಂದಿದೆ, ಪೆನ್ಸಿಲ್ ಗೀಟು. "ಆ ವಾರ ಯಾರಿಗೂ ಡೇಟ್ ಕೊಡಬೇಡ ಗುರು, ನಮ್ಮ ಶೆಡ್ಯೂಲ್ ಇದೆ" ಅಂತ ಫೋನ್ ಬಂದು, ನಾನು ಬೇರೆ ಕೆಲಸ ಬಿಟ್ಟು ಕಾದು, ಕೊನೆಗೆ ಶೂಟಿಂಗ್ ಆಗದೇ ಹೋದ ದಿನಗಳವು. 54 ಇವೆ.

ದಿನಕ್ಕೆ 2,500ರಂತೆ 131 ದಿನಕ್ಕೆ 3,27,500 ಬರಬೇಕಿತ್ತು. 61,000 ಇನ್ನೂ ಬಂದಿಲ್ಲ. ಅದರಲ್ಲಿ 40,000 ಒಂದೇ ಸಿನಿಮಾದ್ದು. "ಸರ್ಕಾರದ ಸಬ್ಸಿಡಿ ಬರಲಿ, ಕೊಡೋಣ" ಅಂದಿದ್ದಾರೆ ನಿರ್ಮಾಪಕರು. ಆ ಸಿನಿಮಾ ಇನ್ನೂ ಸೆನ್ಸಾರ್‌ಗೇ ಹೋಗಿಲ್ಲ.

ಈಗ ಬಂದಿರುವ ಕೆಲಸ: ಊರಾಚೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ರೆಕಾರ್ಡ್ ಮಾಡುವ ಸ್ಟುಡಿಯೋ. ಒಂದು ಕ್ಯಾಮೆರಾ, ಎರಡು ಸಾಫ್ಟ್‌ಬಾಕ್ಸ್, ಒಬ್ಬ ಮೇಷ್ಟ್ರು, ಒಂದು ಬೋರ್ಡು. ಮೇಷ್ಟ್ರು ಅಲುಗಾಡುವುದಿಲ್ಲ, ಫೋಕಸ್ ಬೆಳಿಗ್ಗೆ ಒಮ್ಮೆ ಇಟ್ಟರೆ ಸಂಜೆವರೆಗೂ ಅದೇ. ತಿಂಗಳಿಗೆ 20,500. ಪಿಎಫ್, ಇಎಸ್‌ಐ ಇದೆ. ಭಾನುವಾರ ರಜೆ. ಹೆಂಡತಿ ಬಾಯಿಬಿಟ್ಟು ಏನೂ ಹೇಳುತ್ತಿಲ್ಲ. ಆದರೆ ಮಗಳ ಸ್ಕೂಲ್ ಫೀಸಿನ ಚೀಟಿಯನ್ನು ಕ್ಯಾಲೆಂಡರ್ ಮೊಳೆಗೇ ಸಿಕ್ಕಿಸಿಟ್ಟಿದ್ದಾಳೆ.

---

ಏಣಿ_ಮೇಲಿನವ

ಹೋಗಪ್ಪ ಮಾರಾಯ. ಇದರಲ್ಲಿ ಕೇಳುವುದು ಏನಿದೆ?

ನಾನು ಲೈಟ್ ಡಿಪಾರ್ಟ್‌ಮೆಂಟ್, ಹದಿನೆಂಟು ವರ್ಷ. ನಿನ್ನದು ದುಡ್ಡಿನ ಲೆಕ್ಕ. ನಮ್ಮದರಲ್ಲಿ ಜೀವದ ಲೆಕ್ಕವೂ ಸೇರಿಕೊಳ್ಳುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಮಾದನಾಯಕನಹಳ್ಳಿ ಹತ್ತಿರದ ಶೂಟಿಂಗ್‌ನಲ್ಲಿ ಏಣಿಯಿಂದ ಬಿದ್ದು ಜೀವ ಬಿಟ್ಟನಲ್ಲ ಒಬ್ಬ ಲೈಟ್ ಹುಡುಗ, ತುಮಕೂರು ಕಡೆಯವನು. ಅಂಥ ಏಣಿ ನಾನು ದಿನಾ ಹತ್ತುತ್ತೇನೆ. ರಾತ್ರಿ ಮಳೆ ಎಫೆಕ್ಟ್ ಇದ್ದರೆ ನೆಲ ಎಲ್ಲ ಕೆಸರು. ಏಣಿಯ ಕಾಲಿನ ಕೆಳಗೆ ಥರ್ಮಾಕೋಲ್ ತುಂಡೋ ಹಲಗೆಯೋ ಇಟ್ಟು ಮೇಲೆ ಹೋಗುವುದು. ಕೆಳಗೆ ಒಬ್ಬ ಹಿಡಿದಿರುತ್ತಾನೆ. ಅವನಿಗೂ ಯಾರಾದರೂ "ಕೇಬಲ್ ಎಳಿ" ಅಂತ ಕೂಗಿದರೆ ಕೈ ಬಿಟ್ಟು ಹೋಗುತ್ತಾನೆ. ಬೆಲ್ಟ್ ಕೇಳಿದರೆ "ಐದು ನಿಮಿಷದ ಕೆಲಸಕ್ಕೆ ಬೆಲ್ಟ್ ಯಾಕಣ್ಣ" ಅನ್ನುತ್ತಾರೆ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಕೆರೆಗೆ ಶೂಟಿಂಗ್‌ಗಾಗಿ ಹೆಲಿಕಾಪ್ಟರ್‌ನಿಂದ ಧುಮುಕಿದ ಇಬ್ಬರು ಮೇಲೆ ಬರಲಿಲ್ಲ. ಆಮೇಲೆ ಸ್ವಲ್ಪ ದಿನ ಎಲ್ಲ ಕಡೆ ಸೇಫ್ಟಿ ಸೇಫ್ಟಿ ಅಂದರು. ಎಷ್ಟು ದಿನ ಅಂತ ಕೇಳಬೇಡಿ.

ಎಲ್ಲ ಹುಡುಗರಿಗೂ ಒಂದು ಮಾತು. ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಸುರಕ್ಷಾ ಬಿಮಾ ಮಾಡಿಸಿಕೊಳ್ಳಿ. ಅಪಘಾತದಲ್ಲಿ ಹೋದರೆ ಮನೆಯವರಿಗೆ 2 ಲಕ್ಷ. ಒಂದು ಟೀ, ಒಂದು ಬನ್ನಿನ ದುಡ್ಡು.

---

ಹೊಸ_ಹುಡುಗ_ಹಾಸನ

ಅಣ್ಣ ನೀವು ಬಿಟ್ಟರೆ ನಾವೇನು ಮಾಡೋದು? ನಾನು ಕ್ಯಾಮೆರಾ ಅಸಿಸ್ಟೆಂಟ್, ಒಂದೂವರೆ ವರ್ಷ ಆಯಿತು. ಬರೀ ಬಾಟಾದಲ್ಲಿ, ಅಂದರೆ ದಿನದ ಖರ್ಚಿನ ದುಡ್ಡಿನಲ್ಲಿ ಓಡಾಡುತ್ತಿದ್ದೇನೆ. ಇನ್ನೆರಡು ವರ್ಷದಲ್ಲಿ ಫೋಕಸ್ ಹಿಡಿಯಬೇಕು ಅಂತ ಆಸೆ. ನಿಮ್ಮ ಪೋಸ್ಟ್ ಓದಿ ಊಟ ಸೇರಲಿಲ್ಲ.

---

ಕಂಟಿನ್ಯುಟಿ_ಅಕ್ಕ

ಸಿನಿಮಾದವರು ಯಾವಾಗಲೂ ಸಿನಿಮಾದ ಕಷ್ಟವನ್ನೇ ಹೇಳುತ್ತೀರಿ. ಸೀರಿಯಲ್‌ನ ಕಡೆಗೂ ಸ್ವಲ್ಪ ನೋಡಿ.

ಸೀರಿಯಲ್ ಅಂದರೆ ತಿಂಗಳ ಸಂಬಳದ ಹಾಗೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ತಿಂಗಳಿಗೆ ಇಪ್ಪತ್ತು, ಇಪ್ಪತ್ತೆರಡು ದಿನ ಕೆಲಸ ಇರುತ್ತದೆ, ನಿಜ. ಆದರೆ ಜನವರಿಯ ದುಡ್ಡು ಏಪ್ರಿಲ್‌ಗೆ ಬರುತ್ತದೆ. ಕೇಳಿದರೆ ಚಾನೆಲ್‌ನಿಂದ ಬಂದಿಲ್ಲ ಅನ್ನುತ್ತಾರೆ. ಹೊಸದಾಗಿ ಸೇರುವವರು ಮೂರು ತಿಂಗಳು ಸಾಲದಲ್ಲಿ ಬದುಕಿಯೇ ಕೆಲಸ ಶುರು ಮಾಡಬೇಕು.

ಮತ್ತೆ ಗುರುವಾರ. ಗುರುವಾರ ರೇಟಿಂಗ್ ಬರುವ ದಿನ. ಬೆಳಿಗ್ಗೆಯಿಂದ ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ, ಎಲ್ಲರಿಗೂ ಅದೇ ಯೋಚನೆ. ನಾನಿದ್ದ ಒಂದು ಸೀರಿಯಲ್ ಹೀಗೇ ಒಂದು ಗುರುವಾರ ಮುಗಿಯಿತು. ನಾಗರಭಾವಿಯ ಬಾಡಿಗೆ ಬಂಗಲೆ, ಮದುವೆ ಸೀನು. ಮಂಟಪಕ್ಕೆ ಹೂವಿನ ಅಲಂಕಾರ ಅರ್ಧ ಆಗಿತ್ತು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಎಪಿಸೋಡ್ ಡೈರೆಕ್ಟರ್‌ಗೆ ಫೋನ್ ಬಂತು. ವಾಪಸ್ ಬಂದು "ಮದುವೆ ನಾಲ್ಕು ಎಪಿಸೋಡ್ ಬೇಡ, ಒಂದರಲ್ಲಿ ಮುಗಿಸೋಣ" ಅಂದರು. ನಮಗೆಲ್ಲ ಅರ್ಥವಾಯಿತು. ಎರಡು ವಾರದಲ್ಲಿ ಕುಂಬಳಕಾಯಿ ಒಡೆದು ಶೂಟಿಂಗ್ ಮುಗಿಸಿದರು. ಲೈಟು, ಮೇಕಪ್ಪು, ಕಾಸ್ಟ್ಯೂಮು, ಪ್ರೊಡಕ್ಷನ್ ಹುಡುಗರು, ಡ್ರೈವರ್‌ಗಳು ಎಲ್ಲ ಸೇರಿ ಐವತ್ತು ಅರವತ್ತು ಜನ. ಹೂವಿನವನಿಗೆ ಮಾತ್ರ ಅವತ್ತೇ ದುಡ್ಡು ಕೊಟ್ಟರು.

ಹೆಂಗಸರದು ಇನ್ನೊಂದು ಕಥೆ. ಪ್ಯಾಕಪ್ ಹತ್ತೂವರೆಗೆ ಆದರೆ ಮೆಟ್ರೋ ಸಿಗುತ್ತಾ ಇಲ್ಲವಾ ಅನ್ನುವುದು ಮೊದಲ ಚಿಂತೆ. ಹೀರೋಯಿನ್‌ಗೆ ಕಾರು, ನಮಗೆ "ಯಾರಾದರೂ ಡ್ರಾಪ್ ಮಾಡ್ತಾರೆ ಬಿಡಮ್ಮ". ಔಟ್‌ಡೋರ್ ಹೋದರೆ ಟಾಯ್ಲೆಟ್‌ಗಾಗಿ ನೀರು ಕುಡಿಯುವುದನ್ನೇ ಬಿಡುತ್ತೇವೆ. ಸಿನಿಮಾದಲ್ಲಿ ದುಡಿಯುವ ಹೆಂಗಸರ ಕಷ್ಟದ ಬಗ್ಗೆ ಕೇರಳದ ಹೇಮಾ ಸಮಿತಿ ವರದಿ 2024ರಲ್ಲಿ ಹೊರಗೆ ಬಂದಾಗ ಇಲ್ಲಿ ಎಲ್ಲರೂ ದೊಡ್ಡ ದೊಡ್ಡ ಹೆಸರು ಹುಡುಕುತ್ತಿದ್ದರು. ನಾನು ಅದರಲ್ಲಿ ಟಾಯ್ಲೆಟ್ ಬಗ್ಗೆ ಬರೆದಿದ್ದನ್ನು ಎರಡು ಸಲ ಓದಿದೆ.

ಟೇಪ್ ಅಣ್ಣ, ನಿಮ್ಮ 54 ಪೆನ್ಸಿಲ್ ಗೀಟು ಇದೆಯಲ್ಲ, ಅದು ನನಗೆ ತಾಕಿತು. ಕೆಲಸ ಇಲ್ಲದ ದಿನಕ್ಕೂ ಕಾಯುವ ದಿನಕ್ಕೂ ವ್ಯತ್ಯಾಸ ಇದೆ ಅಂತ ಯಾರಿಗೂ ಹೇಳಲು ಆಗುತ್ತಿರಲಿಲ್ಲ.

---

ಮ್ಯಾನೇಜರ್_ಹಳಬ

ಎಲ್ಲರೂ ಸೇರಿ ಪ್ರೊಡಕ್ಷನ್ ಮ್ಯಾನೇಜರ್‌ನನ್ನು ಬೈಯುವ ಮೊದಲು ನಾನೇ ಬಂದುಬಿಡುತ್ತೇನೆ.

ಆ ಫೋನ್ ಮಾಡುವವನು ನಾನೇ. "ಯಾರಿಗೂ ಡೇಟ್ ಕೊಡಬೇಡ" ಅನ್ನುವವನು ನಾನೇ. ಯಾಕೆ ಅನ್ನುತ್ತೀರಾ? ಹೀರೋ ಡೇಟ್ 14ರಿಂದ ಅಂತ ಹೇಳಿರುತ್ತಾರೆ. 12ನೇ ತಾರೀಕು ರಾತ್ರಿ ಅವರ ಇನ್ನೊಂದು ಸಿನಿಮಾದ ಪ್ಯಾಚ್ ವರ್ಕ್, ಅಂದರೆ ಉಳಿದುಹೋದ ಚೂರುಪಾರು ಶೂಟಿಂಗ್, ಬರುತ್ತದೆ. ಅಥವಾ ಫೈನಾನ್ಸ್ ಕೊಡುತ್ತೇನೆ ಅಂದವನು ಫೋನ್ ಎತ್ತುವುದಿಲ್ಲ. ಅಥವಾ ಸಕಲೇಶಪುರದಲ್ಲಿ ಮಳೆ. ನಾನು ಮೊದಲೇ ಜನ ಹಿಡಿದಿಟ್ಟುಕೊಳ್ಳದಿದ್ದರೆ, 14ಕ್ಕೆ ಎಲ್ಲ ಸರಿ ಹೋದಾಗ ನನಗೆ ಫೋಕಸ್ ಪುಲ್ಲರ್ ಸಿಗುವುದಿಲ್ಲ. ಆಗ ಬೈಸಿಕೊಳ್ಳುವವನೂ ನಾನೇ. ಕಾಯ್ದಿರಿಸಿದ ದಿನಕ್ಕೆ ದುಡ್ಡು ಕೊಡಿ ಅಂತ ನಿರ್ಮಾಪಕರಿಗೆ ಒಮ್ಮೆ ಹೇಳಿದ್ದೆ. "ಶೂಟಿಂಗೇ ಆಗಿಲ್ಲ, ಯಾತಕ್ಕೆ?" ಅಂದರು. ಎರಡನೇ ಸಲ ಹೇಳಿದ್ದರೆ ಮ್ಯಾನೇಜರ್ ಬದಲಾಗುತ್ತಿದ್ದ.

ನನಗೂ ಮೂರು ಸಿನಿಮಾದ ಬ್ಯಾಲೆನ್ಸ್ ಬರಬೇಕು. ನಾವು ನೀವು ಬೇರೆ ಅಲ್ಲ.

---

ಟೇಪ್_ಹಿಡಿದವನು

ಸರ್, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಆದರೆ ಒಂದು ಮಾತು. ಜನರೇಟರ್‌ಗೆ ಡೀಸೆಲ್ ಸಾಲಕ್ಕೆ ಸಿಗುತ್ತಾ? ಕ್ಯಾರವಾನ್ ಬಾಡಿಗೆ "ಸಬ್ಸಿಡಿ ಬರಲಿ" ಅಂದರೆ ನಡೆಯುತ್ತಾ? ಲೊಕೇಶನ್ ಬುಕ್ ಮಾಡಿ ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ, ಅಲ್ವಾ? ಸಾಮಾನಿಗೆ ಕ್ಯಾನ್ಸಲ್ ಚಾರ್ಜ್ ಇದೆ. ಮನುಷ್ಯನಿಗೆ ಇಲ್ಲ.

---

ಮ್ಯಾನೇಜರ್_ಹಳಬ

ಇಲ್ಲ. ನೀವು ಹೇಳಿದ್ದು ಸರಿ. ಡೀಸೆಲ್‌ನವನು ಹಾಕುವುದೇ ಇಲ್ಲ.

---

ಸುಮ್ನೆ_ಓದುಗ

ನಾನು ಸಿನಿಮಾದವನಲ್ಲ, ಐಟಿ. ತಪ್ಪು ತಿಳಿಯಬೇಡಿ. ನಮ್ಮಲ್ಲೂ ಈಗ ಕೆಲಸ ಗ್ಯಾರಂಟಿ ಇಲ್ಲ, ರಾತ್ರೋರಾತ್ರಿ ಲೇಆಫ್. ಆದರೆ ನಿಮಗೆ ಇಷ್ಟದ ಕೆಲಸವನ್ನಾದರೂ ಮಾಡುವ ಭಾಗ್ಯ ಇದೆ. ನಾವು ಎಕ್ಸೆಲ್ ಶೀಟ್ ನೋಡಿಕೊಂಡು ಸಾಯುತ್ತಿದ್ದೇವೆ. ಕಾಲೇಜಿಗೆ ಹೋದರೆ ಆ ಖುಷಿ ಸಿಗುತ್ತಾ?

---

ಲಗ್ಗೆರೆ_ಮನೆಯಾಕೆ

ಮೇಲಿನ ಸರ್‌ಗೆ: ಭಾಗ್ಯ ಅಂತ ಬರೆದಿರಲ್ಲ, ಅದಕ್ಕೇ ಬರೆಯಬೇಕು ಅನ್ನಿಸಿತು. ನಮ್ಮ ಮನೆಯವರು ಆರ್ಟ್ ಡಿಪಾರ್ಟ್‌ಮೆಂಟ್, ಸೆಟ್ ಕೆಲಸ. ಇಷ್ಟಪಟ್ಟೇ ಮಾಡುತ್ತಾರೆ. ಪ್ಲೈವುಡ್‌ನಲ್ಲಿ ಮಾಡಿದ ಕಂಬಕ್ಕೆ ಪೇಂಟ್ ಹೊಡೆದರೆ ಹಳೇ ದೇವಸ್ಥಾನದ ಕಲ್ಲು ಅಂತ ಮುಟ್ಟಿ ನೋಡಬೇಕು, ಹಾಗೆ. ನನಗೂ ಹೆಮ್ಮೆಯೇ.

ಆದರೆ ಕಾಯುವುದು ಅವರೊಬ್ಬರೇ ಅಲ್ಲ. ಕೆಲಸ ಇಲ್ಲದ ದಿನ ಫೋನ್ ಪಕ್ಕದಲ್ಲೇ ಇರಬೇಕು. ಸ್ನಾನಕ್ಕೆ ಹೋಗುವಾಗ ನನ್ನ ಕೈಗೆ ಕೊಟ್ಟು "ಬಂದರೆ ಎತ್ತು, ಇದ್ದೀನಿ ಅನ್ನು" ಅನ್ನುತ್ತಾರೆ. ನಮ್ಮ ತವರು ಶೃಂಗೇರಿ ಹತ್ತಿರ, ತೋಟದ ಮನೆ. ಅಲ್ಲಿ ನೆಟ್‌ವರ್ಕ್ ಇಲ್ಲ ಅಂತ ನಾಲ್ಕು ವರ್ಷದಿಂದ ದೀಪಾವಳಿಗೆ ಹೋಗಿಲ್ಲ. ಹೋದ ದಿನವೇ ಫೋನ್ ಬಂದು, ಸಿಗಲಿಲ್ಲ ಅಂತ ಬೇರೆಯವರನ್ನು ಕರೆದುಕೊಂಡುಬಿಟ್ಟರೆ? ಆ ಬೇರೆಯವರೇ ಮುಂದಿನ ಸಿನಿಮಾಕ್ಕೂ ಹೋಗುತ್ತಾರೆ. ಹೀಗೆ ಮನೆಯಲ್ಲೇ ಇದ್ದೂ ಕೆಲಸ ಬರಲಿಲ್ಲ ಅಂದರೆ, ಆ ದಿನ ರಜೆಯೂ ಅಲ್ಲ, ದುಡಿಮೆಯೂ ಅಲ್ಲ.

ಜೂನ್‌ನಲ್ಲಿ ಸ್ಕೂಲ್ ಫೀಸ್. ಅದರ ಬೆನ್ನಿಗೇ ಆಷಾಢ. ಆಷಾಢದಲ್ಲಿ ಮುಹೂರ್ತ ಇಲ್ಲ, ಹೊಸ ಸೆಟ್ಟೂ ಇಲ್ಲ. ಸಂಘದ ಕಂತು ಮಾತ್ರ ವಾರಕ್ಕೊಮ್ಮೆ ತಪ್ಪದೆ ಬರುತ್ತದೆ. ನನ್ನ ಗೃಹಲಕ್ಷ್ಮಿ 2,000 ಬಂದ ತಿಂಗಳು ಹಾಲಿನವರಿಗೆ ಕೊಟ್ಟು ಮುಗಿಸುತ್ತೇನೆ. ಅದು ತಪ್ಪಿಹೋದೀತು ಅಂತ ಇವರು ಟ್ಯಾಕ್ಸ್ ರಿಟರ್ನ್ ಹಾಕುವುದೇ ಇಲ್ಲ. ದುಡ್ಡು ಕೊಡುವಾಗಲೇ ತೆರಿಗೆಗೆ, ಟಿಡಿಎಸ್ ಅಂತ ಹಿಡಿದುಕೊಂಡದ್ದು ಹಾಗೇ ಹೋಯಿತು.

ಟೇಪ್ ಅವರೇ, ನಿಮ್ಮ ಹೆಂಡತಿ ಏನೂ ಹೇಳುತ್ತಿಲ್ಲ ಅಂದಿರಿ. ಫೀಸಿನ ಚೀಟಿ ಅದೇ ಮೊಳೆಗೆ ಸಿಕ್ಕಿಸಿದ್ದಾರಲ್ಲ. ಇನ್ನು ಹೇಗೆ ಹೇಳಬೇಕು?

---

ಲೆಕ್ಕದ_ಮೇಷ್ಟ್ರು

ಗಾಂಧಿನಗರದಲ್ಲಿ ಇಪ್ಪತ್ತು ವರ್ಷದಿಂದ ಸಿನಿಮಾದವರ ಲೆಕ್ಕ ಬರೆಯುತ್ತಿದ್ದೇನೆ. ಲಗ್ಗೆರೆ ಅಕ್ಕ ಎತ್ತಿದ ಟ್ಯಾಕ್ಸ್ ವಿಷಯಕ್ಕೆ ಮೊದಲು ಬರುತ್ತೇನೆ.

ಟೆಕ್ನೀಷಿಯನ್‌ಗಳಿಗೆ ಸಾಮಾನ್ಯವಾಗಿ 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತಾರೆ. ಅದು ನಿಮ್ಮದೇ ದುಡ್ಡು. 2025-26ರಿಂದ ಹೊಸ ಪದ್ಧತಿಯಲ್ಲಿ ಆದಾಯ 12 ಲಕ್ಷದವರೆಗೆ ಇದ್ದರೆ ತೆರಿಗೆಯೇ ಬರುವುದಿಲ್ಲ. ಅಂದರೆ ರಿಟರ್ನ್ ಹಾಕಿದರೆ ಹಿಡಿದದ್ದು ಪೂರ್ತಿ ವಾಪಸ್. ಗೃಹಲಕ್ಷ್ಮಿಗೆ ಅಡ್ಡಿ ಇರುವುದು ತೆರಿಗೆ ಕಟ್ಟುವವರ ಮನೆಗೆ. ರಿಫಂಡ್ ಪಡೆಯುವವರನ್ನೂ ಅದೇ ಪಟ್ಟಿಗೆ ಸೇರಿಸಿ ತೊಂದರೆ ಕೊಟ್ಟದ್ದನ್ನು ನಾನು ನೋಡಿದ್ದೇನೆ, ಹೆದರಿಕೆ ಸುಳ್ಳಲ್ಲ. ಆದರೂ 25,000 ಹಿಡಿದಿದ್ದರೆ ಅದನ್ನು ಬಿಡುವುದು ಲಾಭವಾ ಅಂತ ಕೂತು ಲೆಕ್ಕ ಹಾಕಿ. ಇನ್ನೊಂದು, ಹಿಡಿದವರೆಲ್ಲ ಸರ್ಕಾರಕ್ಕೆ ಕಟ್ಟಿರುವುದಿಲ್ಲ. ವರ್ಷಕ್ಕೊಮ್ಮೆ ನಿಮ್ಮ ಪ್ಯಾನ್ ಹಾಕಿ ಟಿಡಿಎಸ್ ಖಾತೆ ತೆಗೆದು ನೋಡಿ. ಹಿಡಿದು ಕಟ್ಟದವರಿಗೆ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಕು, ಎಷ್ಟೋ ಸಲ ಮಾರನೇ ವಾರವೇ ಕಟ್ಟಿಬಿಡುತ್ತಾರೆ.

ಈಗ ಕರಾರಿನ ವಿಷಯ. 1981ರಲ್ಲೇ ಕೇಂದ್ರ ಕಾನೂನು ಮಾಡಿತ್ತು. ಬರಹದ ಕರಾರು ಇಲ್ಲದೆ ಸಿನಿಮಾ ಕಾರ್ಮಿಕರನ್ನು ದುಡಿಸಿಕೊಳ್ಳುವಂತಿಲ್ಲ ಅಂತ. ನನ್ನ ಇಪ್ಪತ್ತು ವರ್ಷದಲ್ಲಿ ಟೇಬಲ್ ಮೇಲೆ ಒಬ್ಬ ಲೈಟ್ ಹುಡುಗನ ಕರಾರು ಬಂದಿಲ್ಲ. ಆ ಕಾನೂನು ಕಥಾಚಿತ್ರಕ್ಕೆ ಮಾತ್ರ ಇತ್ತು, ಸೀರಿಯಲ್‌ನವರು ಲೆಕ್ಕದಲ್ಲೇ ಇರಲಿಲ್ಲ. 2020ರ ಕಾರ್ಮಿಕ ಸಂಹಿತೆಯಲ್ಲಿ "ಆಡಿಯೋ ವಿಶುವಲ್ ಕಾರ್ಮಿಕ" ಅಂತ ಹೆಸರಿಟ್ಟು ಸೀರಿಯಲ್‌ನವರನ್ನೂ ಒಳಗೆ ತಂದರು. ಅದು ಜಾರಿಗೆ ಬಂದಿದ್ದು 2025ರ ನವೆಂಬರ್ 21ಕ್ಕೆ. ನಮ್ಮ ರಾಜ್ಯದ್ದೂ ಒಂದಿದೆ. ಸಿನಿಮಾ ಟಿಕೆಟ್ ಮೇಲೆ 1ರಿಂದ 2 ಪರ್ಸೆಂಟ್ ಸೆಸ್ ಹಾಕಿ ಕಾರ್ಮಿಕರ ನಿಧಿ ಮಾಡುವ ಮಸೂದೆ, 2024ರ ಜುಲೈನಲ್ಲಿ ಪಾಸಾಯಿತು. ಒಳ್ಳೆಯದೇ. ಆದರೆ ನಿಧಿಯಿಂದ ಪಡೆಯಬೇಕಾದರೆ ನೀವು ಕೆಲಸ ಮಾಡಿದ್ದೀರಿ ಅನ್ನುವುದಕ್ಕೆ ಕಾಗದ ಬೇಕು. ಕಾಗದವೇ ಇಲ್ಲವಲ್ಲ!

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟೇ. ಫೋನ್ ಬಂದು ಮಾತಾದ ತಕ್ಷಣ ವಾಟ್ಸ್ಯಾಪ್‌ನಲ್ಲಿ ಎರಡು ಸಾಲು ಹಾಕಿ. "ಸರ್, 14ರಿಂದ 25ರವರೆಗೆ, ದಿನಕ್ಕೆ ಇಷ್ಟು, ಅಡ್ವಾನ್ಸ್ ಇಷ್ಟು, ಬ್ಯಾಲೆನ್ಸ್ ಕುಂಬಳಕಾಯಿ ದಿನ. ಸರಿ ಅಲ್ವಾ?" ಅವರು ಹೆಬ್ಬೆರಳು ಒತ್ತಿದರೂ ಸಾಕು. ಜಗಳ ಆದಾಗ ಕಾರ್ಮಿಕರ ಒಕ್ಕೂಟದಲ್ಲೋ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲೋ ಕೂತು ತೋರಿಸಲು ಏನಾದರೂ ಇರುತ್ತದೆ.

---

ಏಣಿ_ಮೇಲಿನವ

ಮೇಷ್ಟ್ರೇ, ಸದಸ್ಯತ್ವದ ಕಾರ್ಡ್ ಇದ್ದವನು ಒಕ್ಕೂಟಕ್ಕೆ ಹೋಗುತ್ತಾನೆ. ಕಾರ್ಡ್ ಇಲ್ಲದವನು? 2021ರ ಲಾಕ್‌ಡೌನ್‌ನಲ್ಲಿ ಯಶ್ ಅವರು 3,000ಕ್ಕೂ ಜಾಸ್ತಿ ಕಾರ್ಮಿಕರ ಖಾತೆಗೆ ತಲಾ 5,000 ಹಾಕಿದರು. ಸರ್ಕಾರ 3,000 ಕೊಟ್ಟಿತು. ನನಗೆ ಕಾರ್ಡ್ ಇತ್ತು, ಬಂತು. ನನ್ನ ಕೈಕೆಳಗಿದ್ದ ಇಬ್ಬರು ಹುಡುಗರಿಗೆ ಕಾರ್ಡ್ ಮಾಡಿಸುವ ಫೀಸ್ ಕಟ್ಟಲು ಆಗಿರಲಿಲ್ಲ. ಅವರು ಊರಿಗೆ ಹೋಗಿ ರಾಗಿ ಕೊಯ್ದರು. ಒಬ್ಬ ವಾಪಸ್ ಬಂದ. ಇನ್ನೊಬ್ಬ ಬರಲಿಲ್ಲ, ಚೆನ್ನಾಗಿದ್ದಾನೆ.

---

ಕೃಷ್ಣಾನಗರದ_ಕನ್ನಡಿಗ

ಹೈದರಾಬಾದ್‌ನಿಂದ ಬರೆಯುತ್ತಿದ್ದೇನೆ. ಊರು ರಾಯಚೂರು, ಇಲ್ಲಿ ಎಡಿಟಿಂಗ್ ಅಸಿಸ್ಟೆಂಟ್. ಇಲ್ಲಿನ ಸಿನಿಮಾ ಕಾರ್ಮಿಕರು 2025ರ ಆಗಸ್ಟ್ 4ರಿಂದ 18 ದಿನ ಶೂಟಿಂಗ್ ನಿಲ್ಲಿಸಿದರು. ಕೂಲಿ 30 ಪರ್ಸೆಂಟ್ ಜಾಸ್ತಿ ಮಾಡಿ ಅಂತ. ಕೊನೆಗೆ ಸಿಕ್ಕಿದ್ದು 22.5, ಅದೂ ಮೂರು ವರ್ಷಕ್ಕೆ ಹಂಚಿ. ದಿನಕ್ಕೆ 2,000ದೊಳಗಿನವರಿಗೆ ಮೊದಲ ವರ್ಷವೇ 15.

ನಾನು ದೊಡ್ಡ ಗೆಲುವು ಅಂತ ಹೇಳುವುದಿಲ್ಲ. ಆ 18 ದಿನ ನಮ್ಮ ರೂಮಿನಲ್ಲಿ ಮೂರು ಹೊತ್ತೂ ಪುಳಿಹೋರವೇ. ಆದರೆ ಕ್ರೇನ್‌ನವನು, ಲೈಟ್‌ನವನು, ಡ್ರೈವರ್ ಎಲ್ಲ ಒಟ್ಟಿಗೆ ನಿಂತದ್ದನ್ನು ಕಣ್ಣಾರೆ ಕಂಡೆ. ಬೆಂಗಳೂರಿನಲ್ಲಿ ಯಾಕೆ ಆಗುವುದಿಲ್ಲ?

---

ಮ್ಯಾನೇಜರ್_ಹಳಬ

ಯಾಕೆ ಅಂದರೆ ಅಲ್ಲಿ 18 ದಿನ ನಿಲ್ಲಿಸಲು ಅಷ್ಟು ಶೂಟಿಂಗ್ ಇತ್ತು. ಇಲ್ಲಿ ಅರ್ಧ ದಿನಗಳು ತಾವಾಗಿಯೇ ನಿಂತಿರುತ್ತವೆ. ನಿಲ್ಲಿಸುತ್ತೇವೆ ಅಂದರೆ ಕೆಲವು ನಿರ್ಮಾಪಕರು ಥ್ಯಾಂಕ್ಸ್ ಹೇಳಿಯಾರು.

---

ಕಂಟಿನ್ಯುಟಿ_ಅಕ್ಕ

ನಗು ಬಂತು, ಬೇಜಾರೂ ಆಯಿತು. ಇರುವ ಕೆಲಸವೂ ಕಡಿಮೆ ಆಗುತ್ತಿದೆ ಅನ್ನುವುದಕ್ಕೆ ಇನ್ನೊಂದು ಕಾರಣ ಡಬ್ಬಿಂಗ್. ಒಂದು ಅರ್ಧ ಗಂಟೆಯ ಸ್ಲಾಟ್‌ಗೆ ಡಬ್ ಆದ ಸೀರಿಯಲ್ ಹಾಕಿದರೆ ಇಲ್ಲಿ ಅರವತ್ತು ಜನರ ಕೆಲಸ ಹೋಯಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ಇಲ್ಲ ಅಂತ ಮಹಾಭಾರತ ಡಬ್ ಮಾಡಿ ಹಾಕಿದರು. ಆಮೇಲೆ ಬಾಗಿಲು ಮುಚ್ಚಲೇ ಇಲ್ಲ.

---

ದನಿ_ಕೊಡುವವಳು

ಅಕ್ಕ, ಆ ಬಾಗಿಲಲ್ಲಿ ಒಳಗೆ ಬಂದವಳು ನಾನು. ಅದಕ್ಕೆ ಮೊದಲು ರಂಗಭೂಮಿಯಲ್ಲಿದ್ದೆ, ತಿಂಗಳಿಗೆ ಒಂದು ಶೋ ಇದ್ದರೆ ಹಬ್ಬ. ಇಲ್ಲಿ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತ್ತು, ದಂಡವನ್ನೂ ಹಾಕಿತ್ತು. ಮಹಾಭಾರತ ಬಂದಾಗ ನನ್ನಂಥ ಎಷ್ಟೋ ಜನಕ್ಕೆ ಮೊದಲ ಸಲ ವಾರಕ್ಕೆ ಐದು ದಿನ ಕೆಲಸ ಸಿಕ್ಕಿತು. ಎಸಿ ರೂಮಿನಲ್ಲಿ ಕೂತು ಅಳುವುದು, ನಗುವುದು, ಏದುಸಿರು ಬಿಡುವುದು. ಅರವತ್ತು ಜನ ಹೋದರು ಅನ್ನುವುದು ನಿಜ. ನಾವು ಹದಿನೈದು ಜನ ಬಂದೆವು ಅನ್ನುವುದೂ ನಿಜ. ನಮಗೂ ದುಡ್ಡು ಮೂರು ತಿಂಗಳಿಗೇ ಬರುವುದು, ಅದರಲ್ಲಿ ಭೇದ ಇಲ್ಲ. ಈಗ ಕಂಪ್ಯೂಟರೇ ದನಿ ಕೊಡುತ್ತದೆ ಅನ್ನುತ್ತಿದ್ದಾರೆ. ಆಗ ನಾನೂ ನಿಮ್ಮ ಪಕ್ಕ ಬಂದು ಕೂರುತ್ತೇನೆ, ಜಾಗ ಇಟ್ಟಿರಿ.

---

ಕಂಟಿನ್ಯುಟಿ_ಅಕ್ಕ

ಬಾಮ್ಮ. ಟೀ ಪ್ರೊಡಕ್ಷನ್‌ದು.

---

ಹಳದಿ_ಬೋರ್ಡ್

ಬಿಟ್ಟು ಹೋದವನ ಮಾತೂ ಒಂದು ಇರಲಿ. ಆರು ಸಿನಿಮಾಕ್ಕೆ ಅಸಿಸ್ಟೆಂಟ್ ಡೈರೆಕ್ಟರ್, ಒಂದಕ್ಕೆ ಅಸೋಸಿಯೇಟ್. ಎರಡು ರಿಲೀಸ್ ಆಗಲಿಲ್ಲ. 2022ರಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ದುಡ್ಡು ಅದೇ ದಿನ ಬರುತ್ತದೆ, ಇಎಂಐ ಕಟ್ಟುತ್ತೇನೆ, ಬಿಪಿ ಮಾತ್ರೆ ಕಡಿಮೆ ಆಗಿದೆ.

ಒಂದು ದಿನ ಬೆಳಿಗ್ಗೆ ಕಂಠೀರವ ಸ್ಟುಡಿಯೋಗೆ ಡ್ರಾಪ್ ಬಿತ್ತು. ಹಿಂದೆ ಕೂತ ಹುಡುಗ ದಾರಿಯುದ್ದಕ್ಕೂ ಫೋನ್‌ನಲ್ಲಿ ಡೈಲಾಗ್ ಶೀಟ್ ಬಗ್ಗೆ ಮಾತಾಡುತ್ತಿದ್ದ, ಅಸಿಸ್ಟೆಂಟ್ ಡೈರೆಕ್ಟರ್ ಇರಬೇಕು. ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಅವನು ಹೇಳುತ್ತಿದ್ದ ಸೀನ್ ಆರ್ಡರ್ ತಪ್ಪು ಅಂತ ನನಗೇ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿದ್ದೆ. ಗೇಟಿನಲ್ಲಿ ಹಳೇ ವಾಚ್‌ಮನ್ ಗುರುತು ಹಿಡಿದು "ಏನ್ ಸಾರ್, ಕಾರ್ ತಗೊಂಡ್ರಾ!" ಅಂದ. ಹೌದಪ್ಪ ಅಂದೆ.

ಟೇಪ್ ಅಣ್ಣ, ಒಂದು ವಿಷಯ ಯಾರೂ ಹೇಳಿಲ್ಲ. ಕಾಲೇಜಿಗೆ ಸೇರಿದರೆ ಫೋನ್ ಬರುವುದು ನಿಲ್ಲುತ್ತದೆ. ಎರಡು ಸಲ ಇಲ್ಲ ಅಂದರೆ ಮೂರನೇ ಸಲ ಯಾರೂ ಮಾಡುವುದಿಲ್ಲ. ವಾಪಸ್ ಬರಬಹುದು ಅಂತ ಅಂದುಕೊಂಡು ಹೋಗಬೇಡಿ.

---

ಟೇಪ್_ಹಿಡಿದವನು · ಭಾನುವಾರ ಮಧ್ಯಾಹ್ನ

ಎಲ್ಲ ಓದಿದೆ. ಲಗ್ಗೆರೆ ಅಕ್ಕನ ಮಾತನ್ನು ಹೆಂಡತಿಗೆ ಓದಿ ಹೇಳಿದೆ. "ಅವರ ನಂಬರ್ ಇದೆಯಾ?" ಅಂದಳು.

ಮೇಷ್ಟ್ರು ಹೇಳಿದಂತೆ ಇನ್ನೊಂದು ಲೆಕ್ಕವನ್ನೂ ಹಾಕಿದೆ. ಸಿನಿಮಾದಲ್ಲಿ ಹೋದ ವರ್ಷ ಕೈಗೆ ಬಂದದ್ದು 2,66,500. ಕಾಲೇಜಿನಲ್ಲಿ ವರ್ಷಕ್ಕೆ 2,46,000, ಅದರಲ್ಲಿ ಪಿಎಫ್ ಹೋಗುತ್ತದೆ, ಆದರೆ ಅದೂ ನನ್ನದೇ. ವ್ಯತ್ಯಾಸ 20,500. ಸರಿಯಾಗಿ ಒಂದು ತಿಂಗಳ ಸಂಬಳ. ಅಷ್ಟಕ್ಕೆ 54 ದಿನ ಫೋನ್ ನೋಡಿಕೊಂಡು ಕೂತಿದ್ದೆ. ಎಣಿಸುವವರೆಗೂ ನಾನು ಸಿನಿಮಾದಲ್ಲಿ ಜಾಸ್ತಿ ದುಡಿಯುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ನಾಳೆ ಹೂಂ ಅನ್ನುತ್ತೇನೆ. ಖುಷಿಯಿಂದ ಅಲ್ಲ, ಬೇಜಾರಿನಿಂದಲೂ ಅಲ್ಲ.

---

ಮ್ಯಾನೇಜರ್_ಹಳಬ

ಒಳ್ಳೆಯದಾಗಲಿ. 40,000 ಬಾಕಿ ಇರುವ ಆ ನಿರ್ಮಾಪಕರು ಯಾರು ಅಂತ ನನಗೆ ಪರ್ಸನಲ್ ಆಗಿ ಹೇಳಿ. ನನಗೆ ಗೊತ್ತಿದ್ದವರಾದರೆ ಮಾತಾಡುತ್ತೇನೆ. ಪೂರ್ತಿ ಬರುತ್ತೆ ಅಂತ ಹೇಳಲಾರೆ.

---

ಟೇಪ್_ಹಿಡಿದವನು · ಐದು ವಾರದ ನಂತರ

ಕೇಳಿದವರಿಗೆ: ಸೇರಿದೆ. ಮೊದಲ ಸಂಬಳ ಒಂದನೇ ತಾರೀಕು ಬೆಳಿಗ್ಗೆ 10:05ಕ್ಕೆ ಬಂತು. ಕ್ಯಾಲೆಂಡರ್‌ನಲ್ಲಿ ಕೆಂಪು ಸುತ್ತು ಹಾಕಿದ್ದು ಮಗಳು. ಮೇಷ್ಟ್ರು ಥರ್ಮೋಡೈನಾಮಿಕ್ಸ್ ಪಾಠ ಮಾಡುತ್ತಾರೆ. ಅವರು ಬೋರ್ಡಿನ ಕಡೆ ತಿರುಗಿದಾಗ ನನ್ನ ಎಡಗೈ ತಾನೇ ಲೆನ್ಸ್ ಕಡೆ ಹೋಗುತ್ತದೆ. ಅಲ್ಲಿ ತಿರುಗಿಸಲು ಏನೂ ಇಲ್ಲ, ಆಟೋ ಫೋಕಸ್. ಮ್ಯಾನೇಜರ್ ಸರ್ ಮಾತಾಡಿದ್ದರಿಂದ 40,000ದಲ್ಲಿ 15,000 ಬಂದಿದೆ.

ನಿನ್ನೆ ರಾತ್ರಿ 10:40ಕ್ಕೆ ಫೋನ್ ಬಂತು. ಮೇಲುಕೋಟೆ, 22 ದಿನ, ನಾಡಿದ್ದು ಬೆಳಿಗ್ಗೆ ಐದೂವರೆಗೆ ಯೂನಿಟ್ ಗಾಡಿ. ಒಂದು ನಿಮಿಷ ಸುಮ್ಮನಿದ್ದೆ. ಆಮೇಲೆ ಹಾಸನದ ಹುಡುಗನ ನಂಬರ್ ಕೊಟ್ಟೆ. ಇನ್ನೆರಡು ವರ್ಷ ಕಾಯಬೇಕು ಅಂದಿದ್ದ. ಕೈ ಚೆನ್ನಾಗಿದೆ, ನೋಡಿದ್ದೇನೆ.

---

ಹೊಸ_ಹುಡುಗ_ಹಾಸನ

ಅಣ್ಣ ಫೋನ್ ಬಂತು!! ಹೂಂ ಅಂದೆ. ಕೈ ನಡುಗುತ್ತಿದೆ. ನಿಮ್ಮ ಟೇಪ್ ಕೊಡುತ್ತೀರಾ? ನನ್ನ ಹತ್ತಿರ ಇರುವುದು ಬಡಗಿ ಟೇಪು, ಅಡಿ ಗುರುತು ಅಳಿಸಿಹೋಗಿದೆ.

---

ಟೇಪ್_ಹಿಡಿದವನು

ಬಾ ಮನೆಗೆ. ಸೊಂಟದ ಪೌಚ್, ಚಾಕ್, ಮಾರ್ಕಿಂಗ್ ಟೇಪು ಎಲ್ಲ ಒಂದೇ ಬ್ಯಾಗಿನಲ್ಲಿದೆ. ಅಡ್ವಾನ್ಸ್ ಎಷ್ಟು ಕೇಳಿದೆ?

---

ಹೊಸ_ಹುಡುಗ_ಹಾಸನ

ಕೇಳಲಿಲ್ಲ ಅಣ್ಣ.

---

ಲೆಕ್ಕದ_ಮೇಷ್ಟ್ರು

ವಾಟ್ಸ್ಯಾಪ್ ತೆಗಿ. ಎರಡು ಸಾಲು. ಈಗಲೇ ಹಾಕು.